ಆದಿತ್ಯವಾರದ ಬೀಗ ತೆಗೆದವರು ಯಾರು?

ಅಮೇರಿಕೆಯ ಸಂಪ್ರದಾಯವಾದಿಗಳು ದೇವರು, ಕುಟುಂಬ, ಇಗರ್ಜಿ ಎಂದು ಮಾತೆತ್ತಿದೊಡನೆ ನಕ್ಕು ಬಿಡುವುದು ನಮ್ಮಲ್ಲಿ ವಿದ್ಯಾವಂತರ ಲಕ್ಷಣವೆನಿಸಿದೆ. ಚುನಾವಣೆಯ ಸಂತೆಯಲ್ಲಿ ಅವರೂ ಒಂದು ಅಂಗಡಿಯನ್ನು ಇಟ್ಟಿದ್ದಾರೆ, ಅಷ್ಟೇ ಎಂಬುದು ಈ ನಗೆಯ ಅರ್ಥ. ಹಾಗೆ ತಳ್ಳಿಹಾಕುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ. ಅವರ ದೂರಿನಲ್ಲಿ ತಥ್ಯವಿದೆ. ಗ್ಯಾಲಪ್ ಸಂಸ್ಥೆಯ ಗಣನೆಯಂತೆ 1999ರಲ್ಲಿ ಆ ದೇಶದ ವಯಸ್ಕರಲ್ಲಿ ನೂರಕ್ಕೆ 70 ಮಂದಿ ಯಾವುದಾದರೊಂದು ಇಗರ್ಜಿ, ಸಿನಗಾಗ್ ಇಲ್ಲವೆ ಮಸೀದಿಯ ಸದಸ್ಯರಾಗಿದ್ದರು. 2020ರಲ್ಲಿ ಆ ಸಂಖ್ಯೆ 47ಕ್ಕೆ ಇಳಿಯಿತು. ಸಂಸ್ಥೆಯು ಈ ಎಣಿಕೆಯನ್ನು ತೊಡಗಿದ ಸುಮಾರು ಎಂಬತ್ತು ವರ್ಷಗಳಲ್ಲಿ ಅದು ಅರ್ಧಕ್ಕಿಂತ ಕೆಳಗೆ ಬಂದುದು ಅದೇ ಮೊದಲ ಸಲ. ಇಪ್ಪತ್ತು ವರ್ಷಗಳ ಅಲ್ಪಾವಧಿಯಲ್ಲಿ ಒಂದು ಜನಾಂಗದ ನಡೆವಳಿಕೆ ಇಷ್ಟು ಬದಲಾಗುವುದನ್ನು ಕಂಡು ಹಿರಿಯರು ಕಳವಳಗೊಂಡರೆ ಅದರಲ್ಲಿ ನಗುವಂಥದೇನಿದೆ?

ನಮ್ಮ ಆಕ್ಷೇಪವಿರುವುದು ಬೇರೆ ಕಡೆ. ಈ ಹಾನಿಗೆ ಕಾರಣರಾರು ಎಂದು ಕೇಳಿದರೆ ಅವರ ಬೆರಳು ನ್ಯಾಯಾಲಯದ ಕಡೆಗೆ ತಿರುಗುತ್ತದೆ. 1962ರಲ್ಲಿ ಸುಪ್ರೀಂ ಕೋರ್ಟು ಸರಕಾರಿ ಶಾಲೆಗಳಲ್ಲಿ ಸರಕಾರವೇ ರಚಿಸಿದ ಪ್ರಾರ್ಥನೆಯನ್ನು ನಿಲ್ಲಿಸಿತು. ಮರುವರ್ಷ ಬೈಬಲ್ ಪಠನವನ್ನೂ ನಿಲ್ಲಿಸಿತು. 1973ರಲ್ಲಿ ಗರ್ಭಪಾತದ ಹಕ್ಕನ್ನು ಎತ್ತಿ ಹಿಡಿಯಿತು. ಅಂದಿನಿಂದ ನ್ಯಾಯಪೀಠವನ್ನು ತಮ್ಮವರಿಂದ ತುಂಬುವುದೇ ಅವರ ರಾಜಕಾರಣದ ಪರಮ ಗುರಿಯಾಯಿತು. 2022ರಲ್ಲಿ ಆ ಗುರಿ ಕೈಗೂಡಿತು. 1973ರ ತೀರ್ಪು ರದ್ದಾಯಿತು. ಅರ್ಧ ಶತಮಾನದ ಹೋರಾಟದ ಜಯವಿದು, ಅಲ್ಲಗಳೆಯಲಾಗದು. ಆದರೆ ಈ ಐವತ್ತು ವರ್ಷಗಳ ಕಾಲ ಅವರು ಮುಂಬಾಗಿಲಲ್ಲಿ ಕಾವಲು ನಿಂತಿದ್ದಾಗ ಹಿತ್ತಿಲ ಬಾಗಿಲಿಂದ ಒಂದು ವಸ್ತು ಮನೆಯಿಂದ ಹೊರಟು ಹೋಯಿತು. ಅದು ಆದಿತ್ಯವಾರ.

ಅಮೇರಿಕೆಯಲ್ಲಿ ಆದಿತ್ಯವಾರದಂದು ವ್ಯಾಪಾರವನ್ನು ನಿಷೇಧಿಸುವ ಕಾಯಿದೆಗಳು ಆಂಗ್ಲರ ವಸಾಹತುಗಳ ಕಾಲದಿಂದ ಬಂದವು. ಜನ ಅವನ್ನು ‘ನೀಲಿ ಕಾಯಿದೆ’ಗಳೆಂದು ಕರೆಯುತ್ತಾರೆ. ಅವು ಎಷ್ಟು ಬಿಗಿಯಾಗಿದ್ದವೆಂಬುದಕ್ಕೆ ಮೇರಿಲ್ಯಾಂಡ್ ಸಂಸ್ಥಾನದ ಒಂದು ಮೊಕದ್ದಮೆ ಸಾಕ್ಷಿ. ಅಲ್ಲಿನ ಒಂದು ದೊಡ್ಡ ಅಂಗಡಿಯ ನೌಕರರು ಆದಿತ್ಯವಾರದ ದಿನ ಕಾಗದ ಜೋಡಿಸುವ ಒಂದು ಕಡತ, ನೆಲಕ್ಕೆ ಹಚ್ಚುವ ಮೇಣದ ಒಂದು ಡಬ್ಬಿ, ಒಂದು ಸ್ಟೇಪ್ಲರು, ಅದರ ತಂತಿಗಳು ಮತ್ತು ಒಂದು ಆಟಿಕೆಯನ್ನು ಮಾರಿದರು. ಅದಕ್ಕಾಗಿ ಅವರಿಗೆ ತಲಾ 5 ಡಾಲರ್ ದಂಡ ಬಿತ್ತು. (ದಂಡ ಬಿದ್ದುದು ನೌಕರರಿಗೆ, ಧಣಿಗಲ್ಲ! ಇದು ಯಾವ ದೇಶದಲ್ಲಾದರೂ ಒಂದೇ.) ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಏರಿತು. 1961ರಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ನರು ಕಾಯಿದೆಯನ್ನು ಎತ್ತಿ ಹಿಡಿದರು. ಇದರ ಹುಟ್ಟು ಧರ್ಮದಲ್ಲಿಯೇ ಇರಬಹುದು, ಆದರೆ ಇಂದು ಇದರ ಉದ್ದೇಶ ಎಲ್ಲರಿಗೂ ಏಕಕಾಲದಲ್ಲಿ ವಿಶ್ರಾಂತಿಯ ದಿನವೊಂದನ್ನು ಒದಗಿಸುವುದಾಗಿದೆ ಎಂಬುದು ಅವರ ವಾದದ ಸಾರ. ಪ್ರತ್ಯೇಕ ಪ್ರತ್ಯೇಕವಾಗಿ ಸಿಗುವ ರಜೆ ಬೇರೆ, ಇಡೀ ಊರಿಗೇ ಒಟ್ಟಿಗೆ ಸಿಗುವ ರಜೆ ಬೇರೆ ಎಂಬ ಸೂಕ್ಷ್ಮವನ್ನು ಆ ನ್ಯಾಯಮೂರ್ತಿಗಳು ಗ್ರಹಿಸಿದ್ದರು.

ಈ ತೀರ್ಪಿನಲ್ಲಿ ಅನ್ಯಾಯವಿರಲಿಲ್ಲವೆಂದು ನಾವು ಹೇಳಲಾರೆವು. ಅದೇ ದಿನ ಫಿಲಡೆಲ್ಫಿಯಾದ ಯಹೂದಿ ವರ್ತಕರ ಅಪೀಲನ್ನು ನ್ಯಾಯಾಲಯ ತಳ್ಳಿಹಾಕಿತು. ತಮ್ಮ ಧರ್ಮದಂತೆ ಶನಿವಾರ ಅಂಗಡಿ ಮುಚ್ಚುವ ಅವರು ಸರಕಾರದ ಕಟ್ಟಳೆಯಂತೆ ಆದಿತ್ಯವಾರವೂ ಮುಚ್ಚಿ ವಾರಕ್ಕೆರಡು ದಿನದ ವ್ಯಾಪಾರವನ್ನು ಕಳೆದುಕೊಳ್ಳಬೇಕಾಯಿತು. ಬಹುಸಂಖ್ಯಾತರ ಪುಣ್ಯದಿನಕ್ಕೆ ಅಲ್ಪಸಂಖ್ಯಾತರು ಬಾಡಿಗೆ ತೆರುವ ಕ್ರಮವಿದು.

ಇರಲಿ. ನ್ಯಾಯಾಲಯವು ಹೀಗೆ ಕಾಯ್ದುಕೊಟ್ಟ ಆದಿತ್ಯವಾರವನ್ನು ತರುವಾಯ ಕಳೆದವರು ಯಾರು? ನಾಸ್ತಿಕರಲ್ಲ. ವ್ಯಾಪಾರದ ಹಿತಕ್ಕೆ ಒಲಿದ ಶಾಸಕರು ಸಂಸ್ಥಾನ ಸಂಸ್ಥಾನಗಳಲ್ಲಿ ಕಾಯಿದೆಗಳನ್ನು ಒಂದೊಂದಾಗಿ ಕಿತ್ತರು. ಇಗರ್ಜಿಗಳ ನಾಡೆಂದು ಹೆಸರಾದ ಟೆಕ್ಸಾಸ್ 1985ರಲ್ಲಿ ತನ್ನ ಕಾಯಿದೆಯ ಬಹುಭಾಗವನ್ನು ಕೈಬಿಟ್ಟಿತು. ಉತ್ತರ ಡಕೋಟಾದಲ್ಲಿ ಆದಿತ್ಯವಾರ ಮಧ್ಯಾಹ್ನದವರೆಗೆ ಅಂಗಡಿ ತೆರೆಯಬಾರದೆಂಬ ಕಟ್ಟಳೆ 2019ರವರೆಗೂ ಉಳಿದಿತ್ತು. ಅದನ್ನು ತೆಗೆದುಹಾಕಿದ ಶಾಸನಸಭೆಯಲ್ಲಿ ರಿಪಬ್ಲಿಕನ್ ಪಕ್ಷದವರದೇ ಭಾರಿ ಬಹುಮತ; ಅಂಕಿತ ಹಾಕಿದ ರಾಜ್ಯಪಾಲರೂ ಆ ಪಕ್ಷದವರೇ. ಎದುರು ಪಕ್ಷದ ಕೋಟೆಯೆನಿಸಿದ ಮೆಸಾಚುಸೆಟ್ಸ್ ಕೂಡ ಇದಕ್ಕಿಂತ ಮೇಲಾಗಿ ವರ್ತಿಸಲಿಲ್ಲ. ಅಲ್ಲಿ ಆದಿತ್ಯವಾರ ಅಂಗಡಿಯಲ್ಲಿ ದುಡಿದವನಿಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕಿತ್ತು. 2018ರ ಒಂದು ರಾಜಿಯಲ್ಲಿ ಕನಿಷ್ಠ ವೇತನವನ್ನು ಹಂತಹಂತವಾಗಿ 15 ಡಾಲರಿಗೆ ಏರಿಸಿ, ಅದಕ್ಕೆ ಬದಲಾಗಿ ಈ ಹೆಚ್ಚುವರಿ ಕೂಲಿಯನ್ನು ಇಳಿಸುತ್ತ ಬಂದು 2023ರ ಜನವರಿ 1ಕ್ಕೆ ಪೂರ್ತಿಯಾಗಿ ತೆಗೆದರು. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತೆ.

ಪರಿಣಾಮವೇನಾಯಿತು? ಜೊನಾಥನ್ ಗ್ರೂಬರ್ ಮತ್ತು ಡೇನಿಯಲ್ ಹಂಗರ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಅಳೆದು ನೋಡಿತು. ಕಾಯಿದೆ ರದ್ದಾದ ಸಂಸ್ಥಾನಗಳಲ್ಲಿ ಇಗರ್ಜಿಗೆ ಹೋಗುವವರು ಕಡಿಮೆಯಾದರು, ಕಾಣಿಕೆ ಕುಂದಿತು. ಅಷ್ಟೇ ಅಲ್ಲದೆ, ಮೊದಲು ಇಗರ್ಜಿಗೆ ಹೋಗುತ್ತಿದ್ದವರಲ್ಲಿಯೇ ಕುಡಿತ ಮತ್ತು ಮಾದಕ ಪದಾರ್ಥಗಳ ಸೇವನೆ ಹೆಚ್ಚಿತು. ಶಾಲೆಯ ಪ್ರಾರ್ಥನೆಗಾಗಿ ಅರುವತ್ತು ವರ್ಷ ಅತ್ತವರು ಅಂಗಡಿಯ ಬಾಗಿಲಿಗಾಗಿ ಆರು ದಿನವಾದರೂ ಅತ್ತಿದ್ದರೆ ಚೆನ್ನಾಗಿತ್ತು.

ಇಲ್ಲಿ ಒಬ್ಬ ಅಂಚೆಯವನ ಕತೆಯನ್ನು ಹೇಳಬೇಕು. ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ ಕಾಗದ ಹಂಚುತ್ತಿದ್ದ ಈತ ನಿಷ್ಠಾವಂತ ಕ್ರೈಸ್ತ. ಆದಿತ್ಯವಾರ ದುಡಿಯಲಾರೆನೆಂಬ ವ್ರತದವನು. ಅಂಚೆ ಇಲಾಖೆಗೆ ಆದಿತ್ಯವಾರ ರಜೆಯೇ ಇದ್ದುದರಿಂದ ಮೊದಲಿಗೆ ತೊಂದರೆಯಿರಲಿಲ್ಲ. 2013ರಲ್ಲಿ ಇಲಾಖೆಯು ಅಮೆಜಾನ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು ಅದರ ಕಟ್ಟುಗಳನ್ನು ಆದಿತ್ಯವಾರವೂ ಹಂಚತೊಡಗಿತು. ಆತ ಆದಿತ್ಯವಾರದ ಬಟವಾಡೆಯಿಲ್ಲದ ಒಂದು ಸಣ್ಣ ಕಚೇರಿಗೆ ವರ್ಗ ಮಾಡಿಸಿಕೊಂಡನು. ಅಲ್ಲಿಗೂ ಬಟವಾಡೆ ಬಂದಿತು. ಶಿಸ್ತಿನ ಕ್ರಮಗಳನ್ನು ಉಂಡು ಕೊನೆಗೆ 2019ರಲ್ಲಿ ರಾಜೀನಾಮೆಯಿತ್ತು ದಾವೆ ಹೂಡಿದನು. ಧಣಿಗೆ ಅತ್ಯಲ್ಪವಾದ ಖರ್ಚು ತಗಲುವುದಿದ್ದರೂ ನೌಕರನ ಧಾರ್ಮಿಕ ಕೋರಿಕೆಯನ್ನು ನಿರಾಕರಿಸಬಹುದೆಂದು 1977ರ ಒಂದು ತೀರ್ಪನ್ನು ಅರ್ಥಮಾಡಿಕೊಂಡು ಕೆಳಗಿನ ನ್ಯಾಯಾಲಯಗಳು ನಡೆದು ಬಂದಿದ್ದವು. 2023ರ ಜೂನ್ 29ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಏಕಮತದಿಂದ ಆ ಅರ್ಥ ಸರಿಯಲ್ಲವೆಂದರು. ವ್ಯವಹಾರಕ್ಕೆ ಗಣನೀಯವಾದ ಹೊರೆ ಬೀಳುವುದೆಂದು ಧಣಿ ತೋರಿಸಿಕೊಡಬೇಕೆಂದು ವಿಧಿಸಿದರು.

ಸಂಪ್ರದಾಯವಾದಿಗಳು ಇದನ್ನು ದೊಡ್ಡ ಜಯವೆಂದು ಕೊಂಡಾಡಿದರು. ಜಯವೇ ಸರಿ. ಆದರೆ ಆ ಮೊಕದ್ದಮೆಯ ಕಾಗದಪತ್ರಗಳಲ್ಲಿ ಇನ್ನೊಂದು ಸಂಗತಿಯೂ ಇದೆ, ಅದನ್ನು ಯಾರೂ ಕೊಂಡಾಡಲಿಲ್ಲ. ಆತ ಬಾರದ ಆದಿತ್ಯವಾರಗಳಲ್ಲಿ ಕಟ್ಟುಗಳು ತಾವಾಗಿ ಮನೆಮನೆಗೆ ನಡೆದು ಹೋಗಲಿಲ್ಲ. ಜೊತೆಯ ನೌಕರರು ಹೊತ್ತರು. ಕೆಲವೊಮ್ಮೆ ಪೋಸ್ಟ್‌ಮಾಸ್ತರನೇ ಹೊತ್ತನು. ಅವರಲ್ಲಿ ಅಸಮಾಧಾನ ಹೊಗೆಯಾಡಿತು. ಹೋಟೆಲಿನಲ್ಲಿ ದುಡಿದ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಒಬ್ಬ ಮಾಣಿ ಊರಿಗೆ ಹೋದರೆ ಅವನ ಮೇಜುಗಳು ಉಳಿದವರ ಪಾಲಿಗೆ ಬರುತ್ತವೆ. ಗಿರಾಕಿ ಕಡಿಮೆಯಾಗುವುದಿಲ್ಲ, ಧಣಿಯ ಗಲ್ಲೆಯೂ ಕಡಿಮೆಯಾಗುವುದಿಲ್ಲ. ಅಂಚೆಯವನಿಗೆ ನ್ಯಾಯಾಲಯ ದಯಪಾಲಿಸಿದ್ದು ಅವನೊಬ್ಬನ ಆದಿತ್ಯವಾರ. ಅವನ ಸಹೋದ್ಯೋಗಿಯ ಆದಿತ್ಯವಾರವನ್ನು ಕೇಳುವವರೇ ಇರಲಿಲ್ಲ. ಏಕೆಂದರೆ ಅವನು ದೇವರ ಹೆಸರನ್ನು ಹೇಳಲಿಲ್ಲ, ಮಕ್ಕಳೊಡನೆ ಮನೆಯಲ್ಲಿರಬೇಕೆಂಬುದಷ್ಟೇ ಅವನ ಆಸೆಯಾಗಿದ್ದಿರಬಹುದು. 1961ರ ತೀರ್ಪಿನಲ್ಲಿ ಸಮಾಜದ ಸೊತ್ತಾಗಿದ್ದ ವಿಶ್ರಾಂತಿ 2023ರ ವೇಳೆಗೆ ವ್ಯಕ್ತಿಯೊಬ್ಬನ ವಿನಾಯಿತಿಯಾಗಿ ಕುಗ್ಗಿತು.

ಇದಕ್ಕೆ ಹೊರತಾದ ಒಂದು ಉದಾಹರಣೆ ಹೋಟೆಲು ಉದ್ಯಮದಿಂದಲೇ ಸಿಗುತ್ತದೆ. ಜಾರ್ಜಿಯಾ ಸಂಸ್ಥಾನದ ಹೇಪ್‌ವಿಲ್ ಎಂಬಲ್ಲಿ ಟ್ರೂಯೆಟ್ ಕ್ಯಾಥಿ ಎಂಬವರು 1946ರಲ್ಲಿ ತಮ್ಮನೊಡನೆ ಒಂದು ಸಣ್ಣ ಊಟದಂಗಡಿಯನ್ನು ತೆರೆದರು. ವಾರದ ಏಳೂ ದಿನ ತೆರೆದಿರುವ ಹೋಟೆಲುಗಳಲ್ಲಿ ದುಡಿದು ಬೇಸತ್ತಿದ್ದ ಅವರು ತಮ್ಮದನ್ನು ಆದಿತ್ಯವಾರ ಮುಚ್ಚಿದರು. ಮುಂದೆ ಚಿಕ್-ಫಿಲ್-ಎ ಎಂಬ ಹೆಸರಿನಿಂದ ದೇಶದ ಉದ್ದಗಲಕ್ಕೂ ಹಬ್ಬಿದ ಆ ಸಂಸ್ಥೆ ಅವರು 2014ರಲ್ಲಿ ತೀರಿಕೊಂಡ ಮೇಲೂ ಆ ಪದ್ಧತಿಯನ್ನು ಬಿಡಲಿಲ್ಲ. 2023ರ ಕೊನೆಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಶಾಸಕರೊಬ್ಬರು, ಹೆದ್ದಾರಿಯ ತಂಗುದಾಣಗಳಲ್ಲಿರುವ ಊಟದಂಗಡಿಗಳು ವಾರದ ಏಳೂ ದಿನ ತೆರೆದಿರಬೇಕೆಂದು ಮಸೂದೆ ತಂದರು, ಪ್ರಯಾಣಿಕರಿಗೆ ಅನಾನುಕೂಲವಂತೆ. ಪ್ರಗತಿಪರರೆನಿಸಿಕೊಂಡವರು ಕಾರ್ಮಿಕನ ವಾರದ ರಜೆಯ ವಿರುದ್ಧ ಮಸೂದೆ ತರುವುದು ವಿಚಿತ್ರವೆಂದು ನಮಗೆ ಅಂದೂ ಅನಿಸಿತು, ಇಂದೂ ಅನಿಸುತ್ತದೆ. ಆದರೆ ಅದನ್ನು ಖಂಡಿಸಿ ಗುಡುಗಿದ ಎದುರು ಪಕ್ಷದವರು, ಧಣಿಯ ಧಾರ್ಮಿಕ ಸ್ವಾತಂತ್ರ್ಯದ ಮಾತನ್ನೇ ಆಡಿದರು. ಒಲೆಯ ಮುಂದೆ ನಿಂತವನ ಮಾತನ್ನು ಆಡಲಿಲ್ಲ.

ಈಚಿನ ವರ್ಷಗಳಲ್ಲಿ ಆ ಪಕ್ಷದ ಒಳಗೇ ಒಂದು ಆತ್ಮಶೋಧನೆ ನಡೆದಿರುವುದು ಸಂತೋಷದ ಸಂಗತಿ. ಕುಟುಂಬವನ್ನೂ ನೆರೆಹೊರೆಯನ್ನೂ ಸವೆಸಿದ್ದು ಸರಕಾರವೊಂದೇ ಅಲ್ಲ, ಅಂಕೆಯಿಲ್ಲದ ಮಾರುಕಟ್ಟೆಯೂ ಅದರಲ್ಲಿ ಪಾಲುಗೊಂಡಿದೆ ಎಂದು ಪ್ಯಾಟ್ರಿಕ್ ಡೆನೀನ್‌ರಂಥ ಲೇಖಕರು 2018ರಿಂದಲೂ ಹೇಳುತ್ತ ಬಂದಿದ್ದಾರೆ. ಹೆರಿಟೇಜ್ ಫೌಂಡೇಶನ್ ಎಂಬ ಸಂಪ್ರದಾಯಪಕ್ಷದ ಸಂಸ್ಥೆ 2023ರಲ್ಲಿ ಹೊರತಂದ, ಮುಂದಿನ ಸರಕಾರಕ್ಕೆಂದು ಬರೆದ ಬೃಹತ್ ಕೈಪಿಡಿಯ ಬಗ್ಗೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ದೊಡ್ಡ ಗದ್ದಲವೆದ್ದಿತು. ಅದರ ಕಾರ್ಮಿಕ ಪ್ರಕರಣದ ಒಂದು ಸಣ್ಣ ಸೂಚನೆ ಮಾತ್ರ ಆ ಗದ್ದಲದಲ್ಲಿ ಹೆಚ್ಚಿನವರ ಕಿವಿಗೆ ಬೀಳಲಿಲ್ಲ: ಆದಿತ್ಯವಾರ ದುಡಿಸಿಕೊಂಡರೆ ಒಂದೂವರೆ ಪಟ್ಟು ಕೂಲಿ ಕೊಡಬೇಕೆಂದು ಕೇಂದ್ರದ ಕಾಯಿದೆಯನ್ನು ತಿದ್ದಬೇಕು ಎಂದು. ಮೆಸಾಚುಸೆಟ್ಸಿನವರು ಕಿತ್ತುದನ್ನು ಇವರು ದೇಶಕ್ಕೆಲ್ಲ ನೆಡಬೇಕೆನ್ನುತ್ತಾರೆ! ಅದರ ಬೆನ್ನಿಗೇ ಅದೇ ಪುಸ್ತಕದಲ್ಲಿ ಭಿನ್ನಮತವನ್ನೂ ಅಚ್ಚುಹಾಕಿದ್ದಾರೆ. ಧರ್ಮಾಚರಣೆಯ ಅಡ್ಡಿಗಳನ್ನು ನಿವಾರಿಸುವುದಷ್ಟೇ ಸರಕಾರದ ಕೆಲಸ, ಧಣಿಗೂ ಗಿರಾಕಿಗೂ ಖರ್ಚನ್ನು ಹೆಚ್ಚಿಸುವುದು ಅದರ ಕೆಲಸವಲ್ಲ ಎಂದು ಇನ್ನು ಕೆಲವು ಸಂಪ್ರದಾಯವಾದಿಗಳ ಅಭಿಪ್ರಾಯವಂತೆ. ಆ ಪಕ್ಷದ ಇಬ್ಬಗೆಯ ಮನಸ್ಸನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪುಟವನ್ನು ನಾವು ಕಂಡಿಲ್ಲ. ಒಬ್ಬನಿಗೆ ದೇವರು ಬೇಕು. ಇನ್ನೊಬ್ಬನಿಗೂ ದೇವರು ಬೇಕು, ಆದರೆ ಖರ್ಚಿಲ್ಲದೆ ಬೇಕು.

ನಮ್ಮ ಸಹಾನುಭೂತಿ ಮೊದಲನೆಯವರ ಕಡೆಗಿದೆ. ಆದರೂ ಅವರ ಸೂಚನೆಯಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಆದಿತ್ಯವಾರಕ್ಕೆ ಬದಲು ಬೇರೆ ದಿನವನ್ನು ಆರಿಸಿಕೊಳ್ಳುವ ಅವಕಾಶವನ್ನು ಅವರು ಕೊಡುತ್ತಾರೆ, ಆದರೆ ಧಣಿಯ ಧರ್ಮವನ್ನು ನೋಡಿ. ದುಡಿಯುವವನ ಧರ್ಮ ಯಾವುದೆಂದು ಕೇಳುವುದಿಲ್ಲ.

ಈ ವಾದಗಳೆಲ್ಲ ಮುಂಬಯಿಯಲ್ಲಿ ನೆಲೆಸಿದ ನಮಗೆ ಹೊಸವಲ್ಲ. ನೂರಮೂವತ್ತು ವರ್ಷಗಳಿಗೂ ಹಿಂದೆ ನಾರಾಯಣ ಮೇಘಾಜಿ ಲೋಖಂಡೆಯವರು ಇಲ್ಲಿಯ ಗಿರಣಿ ಕೂಲಿಗಾರರನ್ನು ಕೂಡಿಸಿ ವಾರಕ್ಕೊಂದು ರಜೆಗಾಗಿ ಹೋರಾಡಿದರು. 1890ರಲ್ಲಿ ಗಿರಣಿ ಮಾಲಕರು ಆದಿತ್ಯವಾರದ ರಜೆಗೆ ಒಪ್ಪಿದರು. ಆದಿತ್ಯವಾರ ಖಂಡೋಬನ ವಾರ, ಅಂದು ಆತನ ಸೇವೆಗೆ ಬಿಡುವು ಬೇಕು ಎಂಬ ವಾದವನ್ನೂ ಅವರು ಮುಂದಿಟ್ಟಿದ್ದರೆಂದು ಹೇಳುವುದುಂಟು. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ. ದೇವರ ಹೆಸರಿನಲ್ಲಿ ಕೇಳಿದರೂ ಸಿಕ್ಕಿದ್ದು ಎಲ್ಲ ಕೂಲಿಗಾರರಿಗೆ, ಹಿಂದುವಿಗೂ ಮುಸಲ್ಮಾನನಿಗೂ. ಹೋಟೆಲಿನವನ ಸರದಿ ಬಂದುದು ಬಹಳ ತಡವಾಗಿ. 1948ರ ಮುಂಬಯಿ ಅಂಗಡಿಗಳ ಕಾಯಿದೆ ಅವನ ಬಿಡುವನ್ನೂ ವಿಧಿಸಿತು. ಉಪಾಹಾರಗೃಹ ವಾರವಿಡೀ ತೆರೆದಿರಲಿ, ಆದರೆ ಪ್ರತಿಯೊಬ್ಬ ನೌಕರನಿಗೂ ವಾರಕ್ಕೊಂದು ದಿನ ಬಿಡುವು ಕೊಡತಕ್ಕದ್ದು ಎಂದಿತು ಅದು. ಹಾಗೆ ದೊರೆತ ಬಿಡುವು ಒಬ್ಬನಿಗೆ ಮಂಗಳವಾರ, ಇನ್ನೊಬ್ಬನಿಗೆ ಗುರುವಾರ. ಅದೂ ದೊಡ್ಡದೇ. ಆದರೆ ಒಂದೇ ಊರಿನಿಂದ ಬಂದು ಒಂದೇ ಕೋಣೆಯಲ್ಲಿ ಮಲಗುವ ಅಣ್ಣತಮ್ಮಂದಿರು ಒಟ್ಟಿಗೆ ಕುಳಿತು ಉಂಡುದು, ಒಟ್ಟಿಗೆ ಯಕ್ಷಗಾನ ನೋಡಿದ್ದು ವರ್ಷದಲ್ಲಿ ಎಷ್ಟು ಸಲ ಎಂದು ಹಳೆಯ ಮಾಣಿಗಳನ್ನು ಕೇಳಿ ನೋಡಬೇಕು. ವಾರನ್ನರು ಏಕಕಾಲದ ವಿಶ್ರಾಂತಿಯೆಂದು ಹೇಳಿದುದರ ಅರ್ಥ ಅವರಿಗೆ ಥಟ್ಟನೆ ಹೊಳೆಯುತ್ತದೆ.

ಅಮೇರಿಕೆಯಲ್ಲಿಯೂ ಅದು ಹೊಳೆದಿರುವ ಒಂದು ಸ್ಥಳವುಂಟು. ನ್ಯೂಯಾರ್ಕ್ ನಗರಕ್ಕೆ ತಗುಲಿಕೊಂಡಂತಿರುವ, ನ್ಯೂಜೆರ್ಸಿಯ ಬರ್ಗನ್ ಜಿಲ್ಲೆ ಅದು. ದೊಡ್ಡ ದೊಡ್ಡ ಮಾಲುಗಳಿಂದ ತುಂಬಿದ ಈ ಜಿಲ್ಲೆಯಲ್ಲಿ ಆದಿತ್ಯವಾರ ಬಟ್ಟೆಬರೆ, ಪೀಠೋಪಕರಣ ಮೊದಲಾದುವನ್ನು ಮಾರಬಾರದೆಂಬ ಕಟ್ಟಳೆಯನ್ನು ಜನರೇ ಮತ ಹಾಕಿ ಉಳಿಸಿಕೊಂಡಿದ್ದಾರೆ. ದಿನಸಿಗೂ ಊಟಕ್ಕೂ ಅಡ್ಡಿಯಿಲ್ಲ. ಅಲ್ಲಿ ಯಹೂದಿಗಳಿದ್ದಾರೆ, ಕೊರಿಯದವರಿದ್ದಾರೆ, ನಮ್ಮವರೂ ಇದ್ದಾರೆ. ಅವರಲ್ಲಿ ಅನೇಕರು ಕೊಡುವ ಕಾರಣ ಭಕ್ತಿಯದಲ್ಲ. ಆ ಒಂದು ದಿನವಾದರೂ ರಸ್ತೆಯಲ್ಲಿ ಮೋಟಾರುಗಳ ಸಾಲಿಲ್ಲದೆ ಶಾಂತವಾಗಿರುತ್ತದೆ ಎನ್ನುತ್ತಾರೆ. ಅದೇ ಜಿಲ್ಲೆಯಲ್ಲಿ ಸಂಸ್ಥಾನಸರಕಾರಕ್ಕೆ ಸೇರಿದ ಭೂಮಿಯ ಮೇಲೆ ಎದ್ದಿರುವ ಹೊಸ ಮಾಲೊಂದು ಆದಿತ್ಯವಾರವೂ ಬಟ್ಟೆಯಂಗಡಿಗಳನ್ನು ತೆರೆಯತೊಡಗಿತು. 2025ರಲ್ಲಿ ನೆರೆಯ ಪರಾಮಸ್ ಪಟ್ಟಣವು ಅದರ ಮೇಲೆ ದಾವೆ ಹೂಡಿತು.