ಮೂರು ಆಯಾಮದ ಅಭ್ಯಾಸ

ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಿಗೆ ಕ್ಯಾಡ್ ಎಂಬ ಮಾತು ಹೊಸದಲ್ಲ. ಸಾವಿರಾರು ರೂಪಾಯಿ ಶುಲ್ಕ ತೆತ್ತು ಪ್ರಮಾಣಪತ್ರ ಪಡೆದವರೂ, ಡ್ರಾಯಿಂಗ್ ಒಂದನ್ನು ಮುಂದಿಟ್ಟು ‘ಈ ಬಿಡಿಭಾಗವನ್ನು ರಚಿಸು’ ಎಂದಾಗ ತಡವರಿಸುವುದನ್ನು ನಾವು ಕಂಡಿದ್ದೇವೆ. ಆಜ್ಞೆಗಳ ಪರಿಚಯವಿರುತ್ತದೆ, ಕೈ ಪಳಗಿರುವುದಿಲ್ಲ.

ಸರಳವಾದ ಒಂದು ಅಭ್ಯಾಸವನ್ನೇ ನೋಡೋಣ. 100 ಮಿ.ಮೀ. ಉದ್ದ, 60 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು. ನಟ್ಟನಡುವೆ 20 ಮಿ.ಮೀ. ವ್ಯಾಸದ ರಂಧ್ರ. ಆಯತವನ್ನು ಬರೆದು, ಅದಕ್ಕೆ ದಪ್ಪವನ್ನಿತ್ತು, ರಂಧ್ರ ಕೊರೆಯುವುದನ್ನು ಯಾರಾದರೂ ಮಾಡಿಯಾರು. ಪರೀಕ್ಷೆ ಇರುವುದು ಆಮೇಲೆ. ಉದ್ದವನ್ನು 120 ಎಂದು ತಿದ್ದಿದೊಡನೆ ರಂಧ್ರವು ತಾನಾಗಿಯೇ ನಡುವಿಗೆ ಸರಿಯಬೇಕು. ಅಂಚಿನಿಂದ 50 ಮಿ.ಮೀ. ಎಂದು ಅಳೆದು ಕೂರಿಸಿದ್ದರೆ ಅದು ಸರಿಯದು. ತಿದ್ದುವವರೆಗೆ ಎರಡೂ ನೋಡಲು ಒಂದೇ! ‘ನಡುವೆ’ ಎಂಬುದನ್ನು ಅಳತೆಯಾಗಿ ಅಲ್ಲ, ನಿಬಂಧನೆಯಾಗಿ ತಿಳಿಸುವುದನ್ನು ಮಕ್ಕಳು ಇಲ್ಲಿಯೇ ಕಲಿಯುವುದು.

ತೂಕವನ್ನೂ ಕೇಳಿ ನೋಡಬೇಕು. ಘನ ಸೆಂ.ಮೀ.ಗೆ 7.85 ಗ್ರಾಂ ಸಾಂದ್ರತೆಯ ಉಕ್ಕಾದರೆ ಮೊದಲಿನ ಪ್ಲೇಟು ಸುಮಾರು 446 ಗ್ರಾಂ ತೂಗುತ್ತದೆ. ಕಂಪ್ಯೂಟರು 372 ಎಂದರೆ ವ್ಯಾಸವನ್ನು ತ್ರಿಜ್ಯವೆಂದು ಬಗೆದಂತಾಯಿತು.

ಅಮೆರಿಕದ ಡ್ರಾಯಿಂಗ್‌ಗಳಲ್ಲಿ ಮೇಲ್ನೋಟವು ಮುನ್ನೋಟದ ಮೇಲ್ಗಡೆ ಇರುತ್ತದೆ. ನಮ್ಮ ಕಾಲೇಜುಗಳಲ್ಲಿ ಕಲಿಸುವ ಕ್ರಮದಲ್ಲಿ ಕೆಳಗಡೆ. ಅಲ್ಲಿಯ ಅಭ್ಯಾಸಗಳನ್ನು ಮಾಡುವವರು ಇದನ್ನು ಗಮನಿಸದಿದ್ದರೆ ಬಿಡಿಭಾಗವೇ ತಿರುವುಮುರುವಾದೀತು.

ಫ್ರೀಕ್ಯಾಡ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ದೊಡ್ಡ ಶುಲ್ಕ ಕಟ್ಟುವ ಮುನ್ನ ತಾಯಿತಂದೆಯರು ಮನೆಯಲ್ಲಿರುವ ನಲ್ಲಿಯ ಹಿಡಿಯನ್ನೋ ಬಾಗಿಲ ಚಿಲಕವನ್ನೋ ಅಳೆದು ರಚಿಸುವಂತೆ ಮಕ್ಕಳಿಗೆ ಹೇಳಿ ನೋಡಲಿ.