ಬೈಗುಳ ಎಣಿಸುವ ಮೊದಲು ಓದಬೇಕಾದ ಅಧ್ಯಾಯ

ಜೆ.ಡಿ. ಸಾಲಿಂಜರ್ ಅವರ ‘ದಿ ಕ್ಯಾಚರ್ ಇನ್ ದ ರೈ’ ಕಾದಂಬರಿಯ 25ನೇ ಅಧ್ಯಾಯದಲ್ಲಿ ಹದಿಹರೆಯದ ಹೋಲ್ಡನ್ ಕಾಲ್‌ಫೀಲ್ಡ್ ತಂಗಿಗೊಂದು ಚೀಟಿ ತಲುಪಿಸಲು ಅವಳ ಶಾಲೆಗೆ ಹೋಗುತ್ತಾನೆ. ಗೋಡೆಯ ಮೇಲೆ ಯಾರೋ ಹೊಲಸು ಬೈಗುಳ ಗೀಚಿರುತ್ತಾರೆ. ಅದನ್ನು ಕಂಡು ಅವನ ತಲೆ ಕೆಡುತ್ತದೆ. ಪುಟ್ಟ ಮಕ್ಕಳು ಇದನ್ನು ನೋಡಿದರೆ? ಯಾವನೋ ಪೋಲಿ ಹುಡುಗ ಅವರಿಗೆ ಅದರ ಅರ್ಥ ಹೇಳಿಕೊಟ್ಟರೆ? ಕೈಯಿಂದಲೇ ಉಜ್ಜಿ ಅಳಿಸುತ್ತಾನೆ. ಇನ್ನೊಂದೆಡೆ ಅದೇ ಮಾತನ್ನು ಚಾಕುವಿನಿಂದ ಕೆತ್ತಿದ್ದಾರೆ. ಅದು ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಇದೇ ಬೈಗುಳ ಇದೆಯೆಂದು ಅಮೆರಿಕದ ಎಷ್ಟೋ ಶಾಲೆಗಳು ಈ ಪುಸ್ತಕವನ್ನು ಹೊರಗಿಟ್ಟವು.

ಪುಸ್ತಕ ಬಂದದ್ದು 1951ರ ಜುಲೈನಲ್ಲಿ. 1960ರಲ್ಲಿ ಒಕ್ಲಹೋಮಾದ ಟಲ್ಸಾ ನಗರದಲ್ಲಿ ಇದನ್ನು ಪಾಠಕ್ಕಿಟ್ಟ ಶಿಕ್ಷಕಿಯೊಬ್ಬರು ಕೆಲಸ ಕಳೆದುಕೊಂಡರು. ಮುಂದೆ ಕೆಲಸ ಮರಳಿ ಸಿಕ್ಕಿತು, ಪುಸ್ತಕ ಮಾತ್ರ ತರಗತಿಗೆ ಮರಳಲಿಲ್ಲ. 1978ರಲ್ಲಿ ವಾಷಿಂಗ್ಟನ್ ರಾಜ್ಯದ ಇಸಕ್ವಾದಲ್ಲಿ ಆಕ್ಷೇಪ ಎತ್ತಿದವರು ಪುಟಪುಟ ತಿರುವಿ 785 ಕೆಟ್ಟ ಮಾತುಗಳನ್ನು ಲೆಕ್ಕ ಹಾಕಿದ್ದರು. ಸೋಜಿಗವೆಂದರೆ, 1981ರ ಹೊತ್ತಿಗೆ ಆ ದೇಶದ ಸರ್ಕಾರಿ ಶಾಲೆಗಳಲ್ಲಿ ಅತಿ ಹೆಚ್ಚು ನಿಷೇಧಕ್ಕೆ ಒಳಗಾದ ಪುಸ್ತಕವೂ ಇದೇ, ಅತಿ ಹೆಚ್ಚು ಪಾಠವಾಗುತ್ತಿದ್ದ ಪುಸ್ತಕಗಳಲ್ಲಿ ಎರಡನೆಯದೂ ಇದೇ.

ಹೆತ್ತವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಹೋಲ್ಡನ್ ಸಿಗರೇಟು ಸೇದುತ್ತಾನೆ, ವಯಸ್ಸು ಮುಚ್ಚಿಟ್ಟು ಮದ್ಯ ಕೇಳುತ್ತಾನೆ, ಹೋಟೆಲ್ ಕೋಣೆಗೆ ವೇಶ್ಯೆಯನ್ನು ಕರೆಸಿಕೊಳ್ಳುತ್ತಾನೆ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಿದವರಿಗೆ ಮುಂದಿನ ಸಂಗತಿ ತಿಳಿಯುವುದಿಲ್ಲ. ಬಂದವಳು ಹೆಚ್ಚುಕಡಿಮೆ ತನ್ನದೇ ವಯಸ್ಸಿನವಳು ಎಂದು ಕಂಡು ಅವನ ಮನಸ್ಸು ಕುಗ್ಗುತ್ತದೆ. ಸುಮ್ಮನೆ ಮಾತಾಡೋಣ ಎನ್ನುತ್ತಾನೆ. ಕೊನೆಗೆ ಅವಳ ದಲ್ಲಾಳಿಯಿಂದ ಏಟು ತಿಂದು ನೆಲಕ್ಕೆ ಬೀಳುತ್ತಾನೆ. ಇದನ್ನು ಓದಿ ಯಾವ ಹುಡುಗನೂ ಆ ದಾರಿಗೆ ಆಸೆಪಡಲಾರ.

ಹಾಗಾದರೆ ವಿದ್ಯಾರ್ಥಿಗಳಿಗೆ ಇಂಥ ಪುಸ್ತಕದ ಪರಿಚಯ ಎಲ್ಲಿಂದ ಶುರುವಾಗಬೇಕು? ಮೇಷ್ಟ್ರು ಎಚ್ಚರಿಕೆಯ ಮಾತಿನಿಂದ ಶುರುಮಾಡಿದರೆ ಮಕ್ಕಳ ಕಣ್ಣು ನೇರವಾಗಿ ಬೈಗುಳ ಹುಡುಕುತ್ತದೆ. ನಿಷೇಧದ ಕಥೆಯನ್ನು ರೋಚಕವಾಗಿ ಹೇಳಿದರೂ ಆಗುವುದು ಅದೇ. ಶುರುಮಾಡಬೇಕಾದದ್ದು ಆ್ಯಲಿಯಿಂದ.

ಆ್ಯಲಿ ಹೋಲ್ಡನ್‌ನ ತಮ್ಮ. ಹನ್ನೊಂದನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಹೋದವನು. ಬೇಸ್‌ಬಾಲ್ ಆಡುವಾಗ ಬ್ಯಾಟ್ ಮಾಡಲು ಯಾರೂ ಬಂದಿರದ ಹೊತ್ತಿನಲ್ಲಿ ಓದಿಕೊಳ್ಳಲೆಂದು ತನ್ನ ಎಡಗೈ ಆಟಗಾರರ ಗ್ಲೌಸಿನ ತುಂಬ ಹಸಿರು ಶಾಯಿಯಲ್ಲಿ ಕವಿತೆ ಬರೆದುಕೊಂಡಿದ್ದವನು. ಅವನು ಸತ್ತ ರಾತ್ರಿ ಹೋಲ್ಡನ್ ಗ್ಯಾರೇಜಿನ ಕಿಟಕಿ ಗಾಜುಗಳನ್ನೆಲ್ಲ ಬರಿಗೈಯಲ್ಲಿ ಗುದ್ದಿ ಒಡೆದ. ಆ ಕೈಯನ್ನು ಇವತ್ತಿಗೂ ಗಟ್ಟಿಯಾಗಿ ಮುಷ್ಟಿ ಕಟ್ಟಲು ಆಗದು. ಮುಂದೆ ರೂಮ್‌ಮೇಟ್ ತನ್ನ ಹೋಮ್‌ವರ್ಕ್ ಬರೆದುಕೊಡು ಎಂದಾಗ ಹೋಲ್ಡನ್ ಬರೆಯುವುದು ಆ ಗ್ಲೌಸಿನ ಬಗ್ಗೆಯೇ. ಕೊಠಡಿಯನ್ನೋ ಮನೆಯನ್ನೋ ವರ್ಣಿಸು ಅಂದರೆ ಇದೇನು ಬರೆದೆ ಎಂದು ಅವನು ರೇಗುತ್ತಾನೆ. ಹೋಲ್ಡನ್ ಹಾಳೆಯನ್ನು ಚೂರುಚೂರು ಮಾಡುತ್ತಾನೆ.

ಈ ಎರಡು ಪ್ರಸಂಗಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರೆ ಸಾಕು, ಮುಂದಿನ ಬೈಗುಳಗಳ ದನಿಯೇ ಬೇರೆಯಾಗಿ ಕೇಳುತ್ತದೆ. ದುಃಖವನ್ನು ಹೇಳಿಕೊಳ್ಳಲು ಯಾರೂ ಸಿಗದ ಹುಡುಗನ ಮಾತು ಅದು. ಬರೆದವರೂ ಸಾವು ಕಂಡವರೇ: ಸಾಲಿಂಜರ್ 1944ರ ಜೂನ್ 6ರಂದು ನಾರ್ಮಂಡಿಯ ತೀರಕ್ಕೆ ಇಳಿದ ಸೈನಿಕ. ಯುದ್ಧ ಮುಗಿದ ಮೇಲೆ ಮನಸ್ಸು ಜರ್ಜರಿತವಾಗಿ ಆಸ್ಪತ್ರೆ ಸೇರಿದ್ದರು.

ಮೊಬೈಲ್ ತೆರೆದೊಡನೆ ಮಕ್ಕಳಿಗೆ ಇನ್ನೊಂದು ಸಂಗತಿಯೂ ಸಿಗುತ್ತದೆ. 1980ರ ಡಿಸೆಂಬರ್ 8ರಂದು ಗಾಯಕ ಜಾನ್ ಲೆನನ್ ಅವರನ್ನು ಕೊಂದವನ ಬಳಿ ಈ ಕಾದಂಬರಿಯಿತ್ತು. ಅದನ್ನು ಮೇಷ್ಟ್ರೇ ಮೊದಲು ಹೇಳುವುದು ಒಳ್ಳೆಯದು. ಲಕ್ಷಾಂತರ ಜನ ಓದಿದ ಪುಸ್ತಕವನ್ನು ಒಬ್ಬ ಕೊಲೆಗಾರನ ಲೆಕ್ಕಕ್ಕೆ ಬರೆಯಬಾರದು ಎಂಬ ವಾದವನ್ನೂ ಜತೆಗೇ ಮುಂದಿಡಬೇಕು.

ತೀರ ಬಿಗುವಿನ ಪ್ರಸಂಗವೆಂದರೆ ಆಂಟೊಲಿನಿಯದು. ಆಸರೆ ಕೊಟ್ಟ ಹಳೆಯ ಮೇಷ್ಟ್ರು ನಡುರಾತ್ರಿ ತನ್ನ ತಲೆ ಸವರುತ್ತಿರುವುದು ಕಂಡು ಹೋಲ್ಡನ್ ಬೆಚ್ಚಿ ಮನೆ ಬಿಟ್ಟು ಹೊರಡುತ್ತಾನೆ. ಅದು ಮಮತೆಯೋ ಬೇರೇನೋ ಎಂದು ಆಮೇಲೂ ಅವನಿಗೆ ತಿಳಿಯದು. ಹಿರಿಯರ ಸ್ಪರ್ಶ ಇರಿಸುಮುರಿಸು ಉಂಟುಮಾಡಿದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು ಎಂದು ಮಾತಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ತರಗತಿಗೆ ಸುಲಭವಾಗಿ ಸಿಗದು. ಈ ಪುಟಗಳನ್ನು ಹಾರಿಸಿ ಪಾಠ ಮುಗಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಆಕ್ಷೇಪಿಸುವ ಹೆತ್ತವರನ್ನು ಶಾಲೆಗೆ ಕರೆಸಿ, 25ನೇ ಅಧ್ಯಾಯವನ್ನು ಅವರ ಕೈಗೂ ಕೊಟ್ಟು, ಅಲ್ಲೇ ಕೂತು ಓದಲು ಹೇಳಬೇಕು. ಓದಿದ ಮೇಲೂ ಬೇಡ ಎಂದರೆ ಅವರ ಮಗುವಿಗೆ ಬೇರೊಂದು ಕಾದಂಬರಿ ಕೊಡಬಹುದು. ಉಳಿದ ಮಕ್ಕಳ ಕೈಯಿಂದ ಪುಸ್ತಕ ಕಸಿಯುವ ಹಕ್ಕು ಅವರಿಗಿಲ್ಲ ಎಂಬುದನ್ನೂ ಶಾಲೆ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.