ಕೊಪ್ಪಳಕ್ಕೆ ಬಂದವರು ಕಲಿಯಬೇಕಾದ ಕನ್ನಡ

ಕನ್ನಡ ಬಾರದ ವಯಸ್ಕರೊಬ್ಬರು ಕೊಪ್ಪಳ ಜಿಲ್ಲೆಯಲ್ಲಿ ನೆಲೆಸಿ ಕನ್ನಡ ಕಲಿಯಲು ಬಯಸಿದರೆ ಅವರಿಗೆ ನಾವು ಯಾವ ತರಗತಿಯನ್ನು, ಯಾವ ಪುಸ್ತಕವನ್ನು ತೋರಿಸಬಲ್ಲೆವು? ಇದು ನಮ್ಮ ವಿದ್ವತ್ ವಲಯದ ಹೊರಗಿನ ಪ್ರಶ್ನೆಯೆಂದು ಕೆಲವರಿಗೆ ಅನಿಸಬಹುದು. ಸಾಹಿತ್ಯ ಚರಿತ್ರೆ, ಶಾಸನ, ಛಂದಸ್ಸು, ಜಾನಪದಗಳಿಗೆ ನಮ್ಮ ಪಠ್ಯಕ್ರಮದಲ್ಲಿ ಪತ್ರಿಕೆಗಳಿವೆ. ಕನ್ನಡ ಬಾರದವರಿಗೆ ಕನ್ನಡ ಕಲಿಸುವ ಬಗೆಗೆ ಒಂದು ಪತ್ರಿಕೆಯನ್ನು ಹುಡುಕುವುದು ಕಷ್ಟ.

ಕಲಿಯಬೇಕಾದವರಾದರೂ ಯಾರು? ಗಿಣಿಗೇರಿ ಸುತ್ತಲಿನ ಉಕ್ಕಿನ ಕಾರ್ಖಾನೆಗಳಿಗೆ ಉತ್ತರ ಭಾರತದಿಂದ ಬಂದ ಕಾರ್ಮಿಕರು, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವವರು, ಕುಷ್ಟಗಿ ಸೀಮೆಯ ಗ್ರಾನೈಟ್ ಕಣಿಗಳಲ್ಲಿ ದುಡಿಯುವವರು, ಯಲಬುರ್ಗಾದ ಬ್ಯಾಂಕ್ ಶಾಖೆಗೆ ವರ್ಗವಾಗಿ ಬಂದ ಅಧಿಕಾರಿ, ದವಾಖಾನೆಯ ದಾದಿ. ಇವರಿಗಿಂತ ಮೊದಲೇ ಬಂದವರೂ ಇದ್ದಾರೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಿಗೆ ಹರಿದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಗಂಗಾವತಿ ಭಾಗದಲ್ಲಿ ಕ್ಯಾಂಪುಗಳನ್ನು ಕಟ್ಟಿದರು. ಅವರಿಗೆ ಕನ್ನಡ ಕಲಿಸಿದ್ದು ಯಾವ ಸಂಸ್ಥೆಯೂ ಅಲ್ಲ. ಸಂತೆ, ಕಾಲುವೆ, ಕಚೇರಿಗಳು. ಹೀಗೆ ಕಲಿತದ್ದು ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದಕ್ಕೆ ಹಲವು ವರ್ಷ ಬೇಕು. ಎರಡು ವರ್ಷಕ್ಕೆ ವರ್ಗವಾಗುವ ಬ್ಯಾಂಕ್ ಅಧಿಕಾರಿಗೂ ಅವರ ಮುಂದೆ ಸಾಲದ ಅರ್ಜಿ ಹಿಡಿದು ನಿಂತ ರೈತನಿಗೂ ಅಷ್ಟು ಕಾಲವಿಲ್ಲ.

ಪುಸ್ತಕಗಳು ಇಲ್ಲವೆಂದಲ್ಲ. ವಿಲಿಯಂ ಬ್ರೈಟ್ 1958ರಲ್ಲಿ ಆಡುಮಾತಿನ ಕನ್ನಡದ ರೂಪರೇಖೆಯನ್ನು ಪ್ರಕಟಿಸಿದರು. ಯು. ಪಿ. ಉಪಾಧ್ಯಾಯ ಮತ್ತು ಎನ್. ಡಿ. ಕೃಷ್ಣಮೂರ್ತಿಯವರ ಸಂಭಾಷಣಾ ಕನ್ನಡದ ಪಠ್ಯ 1972ರಲ್ಲಿ ಬಂದಿತು. ಹೆರಾಲ್ಡ್ ಶಿಫ್‌ಮನ್ ಅವರ ಆಡುಗನ್ನಡದ ವ್ಯಾಕರಣವೂ ಇದೆ. 1969ರಲ್ಲಿ ಸ್ಥಾಪನೆಯಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಕೇಂದ್ರ ಬೇರೆ ರಾಜ್ಯಗಳ ಶಿಕ್ಷಕರಿಗೆ ಹತ್ತು ತಿಂಗಳ ತರಬೇತಿಯಲ್ಲಿ ಕನ್ನಡ ಕಲಿಸುತ್ತ ಬಂದಿದೆ. ಇವೆಲ್ಲ ಗೌರವಕ್ಕೆ ಅರ್ಹವಾದ ಕೆಲಸಗಳು. ಆದರೆ ವಯಸ್ಕರ ಕಲಿಕೆಗೆ ಸಿದ್ಧವಾದ ಸಾಮಗ್ರಿಯಲ್ಲಿ ಹೆಚ್ಚಿನದು ಆಧರಿಸಿರುವುದು ಬೆಂಗಳೂರು–ಮೈಸೂರುಗಳ ವಿದ್ಯಾವಂತರ ಮಾತನ್ನು.

ಇದರ ಫಲವೇನು? ಪುಸ್ತಕದಿಂದ ‘ಇದೆ’ ಎಂದು ಕಲಿತು ಬಂದವರು ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಕೇಳುವುದು ‘ಐತಿ’. ‘ಸಾಹೇಬರು ಕಚೇರಿಯಲ್ಲಿ ಇದ್ದಾರೆಯೇ’ ಎಂಬ ವಾಕ್ಯ ಇಲ್ಲಿ ‘ಸಾಹೇಬ್ರು ಕಚೇರ್ಯಾಗ ಅದಾರೇನ್ರಿ’ ಎಂದಾಗುತ್ತದೆ. ಕ್ರಿಯಾಪದ, ಸಪ್ತಮಿಯ ಪ್ರತ್ಯಯ, ಪ್ರಶ್ನೆಯ ರೂಪ ಮೂರೂ ಬೇರೆ. ‘ಎಲ್ಲಿಗೆ ಹೋಗುತ್ತಿದ್ದೀರಿ’ ಎಂಬುದು ‘ಎಲ್ಲಿಗಿ ಹೊಂಟೀರಿ’. ಹಣ ‘ರೊಕ್ಕ’, ಸಂಬಳ ‘ಪಗಾರ’, ಶಾಲೆ ‘ಸಾಲಿ’, ಬೇಗ ಎಂಬುದಕ್ಕೆ ‘ಲಗೂ’. ಇವು ಕೇವಲ ಉಚ್ಚಾರಣೆಯ ವ್ಯತ್ಯಾಸಗಳಲ್ಲ. ‘ರಿ’ ಎಂಬ ಒಂದಕ್ಷರವನ್ನೇ ನೋಡೋಣ. ಇಲ್ಲಿಯ ಮಾತಿನಲ್ಲಿ ಮರ್ಯಾದೆಯ ಬಹುಭಾಗ ಅದರಲ್ಲಿದೆ. ಅದನ್ನು ಕಲಿಯದೆ ಹಿರಿಯರಿಗೆ ಬರಿದೆ ‘ಹೌದು’, ‘ಬೇಕು’ ಎನ್ನುವವರು ವ್ಯಾಕರಣದಲ್ಲಿ ತಪ್ಪಿಲ್ಲದೆಯೂ ಒರಟರೆನಿಸಿಕೊಳ್ಳುತ್ತಾರೆ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಕನ್ನಡದ ತಿರುಳು ಯಾವ ಸೀಮೆಯದೆಂದು ಹೇಳುವಾಗ ಕವಿರಾಜಮಾರ್ಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನು ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳವೆಂದು ನಾವು ತರಗತಿಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಊರಿಗೇ ಇಂದು ಬಂದು ಸೇರಿದವರಿಗೆ ಆ ಊರಿನ ಮಾತನ್ನು ಕಲಿಸುವ ಒಂದು ಪಾಠವನ್ನು ನಾವು ಬರೆದಿಲ್ಲ.

ಒಳನುಡಿಗಳ ಅಧ್ಯಯನ ನಡೆದಿಲ್ಲವೆಂಬ ನೆಪವನ್ನೂ ಹೇಳುವಂತಿಲ್ಲ. ನಂಜನಗೂಡು ಕನ್ನಡವನ್ನು ಕುರಿತ ಉಪಾಧ್ಯಾಯರ ಅಧ್ಯಯನವೂ ಗುಲಬರ್ಗಾ ಕನ್ನಡವನ್ನು ಕುರಿತ ಆರ್. ಮಹದೇವನ್ ಅವರ ಅಧ್ಯಯನವೂ 1968ರಲ್ಲೇ ಅಚ್ಚಾದವು. ಆಮೇಲೆಯೂ ಪ್ರಬಂಧಗಳು ಬಂದಿವೆ. ಧ್ವನಿಮಾಗಳನ್ನು ಎಣಿಸಿ, ಪದಪಟ್ಟಿಯನ್ನು ಅನುಬಂಧಕ್ಕೆ ಸೇರಿಸಿ, ಪದವಿ ಪಡೆದ ಮೇಲೆ ಆ ಸಾಮಗ್ರಿ ಗ್ರಂಥಾಲಯದ ಕಪಾಟು ಸೇರುತ್ತದೆ. ಅದರಿಂದ ಕಲಿಕೆಯ ಪಾಠವೊಂದನ್ನು ಹೆಣೆಯುವುದು ಸಂಶೋಧನೆಗಿಂತ ಕೆಳಗಿನ ಕೆಲಸವೆಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ.

ಈ ಭಾವನೆಗೆ ಚರಿತ್ರೆಯ ಆಧಾರವಿಲ್ಲ. ನಾವು ಇಂದು ಆಕರಗಳೆಂದು ಗೌರವಿಸುವ ಹಲವು ಕೃತಿಗಳು ಹುಟ್ಟಿದ್ದು ವಯಸ್ಸಾದ ಮೇಲೆ ಕನ್ನಡ ಕಲಿಯಬೇಕಾಗಿ ಬಂದವರ ಅಗತ್ಯದಿಂದ. ಸಿರಾಂಪುರದಲ್ಲಿ 1817ರಲ್ಲಿ ಅಚ್ಚಾದ ಕೇರಿಯ ವ್ಯಾಕರಣ, 1859ರ ಹಾಡ್ಸನ್ ವ್ಯಾಕರಣ, 1914ರ ಸ್ಪೆನ್ಸರ್ ವ್ಯಾಕರಣಗಳನ್ನು ನೆನೆಯಬಹುದು. ನದಿಯಾಚೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿಯಲು ಹೊರಟಾಗ ಕೈಯಲ್ಲಿ ಅಚ್ಚಾದ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ಅದೇ ಮಿಷನ್ನಿನಲ್ಲಿ, ಅದೇ ಊರಿನಲ್ಲಿ ಕೆಲಸ ಮಾಡಿದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. ಅವರ ಉದ್ದೇಶ ಮತಪ್ರಚಾರವಾಗಿತ್ತು ಎಂಬುದು ನಿಜ. ಕಲಿಯುವವರ ತೊಡಕನ್ನು ಎದುರಿಗಿಟ್ಟುಕೊಂಡು ನುಡಿಯನ್ನು ನೋಡಿದ್ದರಿಂದ ಅವರಿಗೆ ಕಂಡದ್ದು ಹಲವು ಬಾರಿ ಪಂಡಿತರಿಗೆ ಕಾಣಲಿಲ್ಲ ಎಂಬುದೂ ಅಷ್ಟೇ ನಿಜ.

ಕಲಿಯುವವರ ತೊಡಕು ಎಲ್ಲರಿಗೂ ಒಂದೇ ಅಲ್ಲ. ಹಿಂದಿಯವರಿಗೆ ‘ನನಗ ಬೇಕು’ ಎಂಬ ಚತುರ್ಥಿಯ ವಾಕ್ಯ ಸುಲಭ; ಅವರ ನುಡಿಯಲ್ಲೂ ಅದೇ ಕಟ್ಟು ಇದೆ. ಅವರು ಎಡವುವುದು ‘ಅಲ್ಲ’, ‘ಇಲ್ಲ’ಗಳಲ್ಲಿ. ಎರಡಕ್ಕೂ ಅವರಲ್ಲಿರುವುದು ‘ನಹೀ’ ಒಂದೇ. ‘ನಿನ್ನೆ ಬಂದ ಲಾರಿ’ ಎನ್ನುವಲ್ಲಿ ಅವರು ‘ಜೋ’ ಪದಕ್ಕೆ ಸಮನಾದುದನ್ನು ಹುಡುಕುತ್ತಾರೆ. ತೆಲುಗಿನವರಿಗೆ ಇವೆರಡೂ ತೊಡಕೇ ಅಲ್ಲ: ‘ಕಾದು’, ‘ಲೇದು’ ಅವರಲ್ಲಿವೆ, ಲಿಪಿಯೂ ಬಹುಮಟ್ಟಿಗೆ ಪರಿಚಿತ. ಇವರಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮೊದಲ ತಿಂಗಳೆಲ್ಲ ಅಕ್ಷರಮಾಲೆ ತಿದ್ದಿಸಿದರೆ ಇಬ್ಬರೂ ಬರುವುದನ್ನು ಬಿಡುತ್ತಾರೆ. ಹನ್ನೆರಡು ತಾಸು ದುಡಿದು ಬಂದವರ ತಾಳ್ಮೆಗೂ ಮಿತಿಯಿದೆ.

ಬೇರೆಡೆ ಇದನ್ನು ಹೇಗೆ ನಿಭಾಯಿಸಿದ್ದಾರೆಂದು ನೋಡುವುದು ಉಪಯುಕ್ತ. ಸ್ವೀಡನ್ನಿಗೆ ಕೆಲಸಕ್ಕೆಂದು ಹೋದ ನಮ್ಮ ಎಂಜಿನಿಯರುಗಳಿಗೂ ಅವರ ಕುಟುಂಬದವರಿಗೂ ಅಲ್ಲಿ ವಲಸಿಗರಿಗಾಗಿ ಸ್ವೀಡಿಷ್ ಕಲಿಸುವ ವ್ಯವಸ್ಥೆಯ ಪರಿಚಯವಿರುತ್ತದೆ. 1965ರಲ್ಲಿ ಆರಂಭವಾದ ಈ ಶಿಕ್ಷಣ ಉಚಿತ. ನಡೆಸುವ ಹೊಣೆ ಸ್ಥಳೀಯ ಆಡಳಿತದ್ದು. ಕಲಿಯಲು ಬಂದವರ ಹಿಂದಿನ ಓದನ್ನು ವಿಚಾರಿಸಿ ಮೂರು ದಾರಿಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಶಾಲೆಯನ್ನೇ ಕಾಣದವರೂ ಪದವೀಧರರೂ ಒಂದೇ ವೇಗದಲ್ಲಿ ಸಾಗಬೇಕಿಲ್ಲ. ಅಲ್ಲಿಯೂ ಮಾಲ್ಮೋದಲ್ಲಿ ಕಲಿಯುವವರು ಪಠ್ಯದ ನುಡಿಗೂ ಬೀದಿಯ ನುಡಿಗೂ ನಡುವಿನ ಅಂತರವನ್ನು ಎದುರಿಸುತ್ತಾರೆ. ಅದು ಹೆಚ್ಚಾಗಿ ಉಚ್ಚಾರಣೆಯ ಅಂತರ. ನಮ್ಮದು ಕ್ರಿಯಾರೂಪಗಳವರೆಗೂ ಇಳಿಯುತ್ತದೆ, ಆದ್ದರಿಂದ ನಮ್ಮ ಕೆಲಸ ಹೆಚ್ಚು ಕಠಿಣ.

ಜಿಲ್ಲೆಗೊಂದು ಕನ್ನಡ ಕಲಿಸಿದರೆ ಕನ್ನಡದ ಏಕತೆ ಒಡೆಯುತ್ತದೆ, ನಾಳೆ ವರ್ಗವಾಗಿ ಮಂಡ್ಯಕ್ಕೆ ಹೋದವರ ಗತಿಯೇನು ಎಂಬ ಆಕ್ಷೇಪ ಸಹಜ. ಅರ್ಜಿ, ಫಲಕ, ಪತ್ರಿಕೆಗಳನ್ನು ಓದಲು ಶಿಷ್ಟಗನ್ನಡ ಬೇಕೇ ಬೇಕು. ಅದು ಎರಡನೆಯ ಹಂತದಲ್ಲಿ ಬರಲಿ. ‘ಐತಿ’ ಕಲಿತವರಿಗೆ ‘ಇದೆ’ಯನ್ನು ತಿಳಿಸಲು ಒಂದು ದಿನ ಸಾಕು. ಬೀದಿಯಲ್ಲಿ ಕೇಳಿದ್ದು ಪುಸ್ತಕದಲ್ಲಿಲ್ಲವೆಂದು ಮೊದಲ ವಾರವೇ ಪುಸ್ತಕ ಮುಚ್ಚಿದವರಿಗೆ ಏನನ್ನು ತಿಳಿಸೋಣ? ಕೊಪ್ಪಳದವರು ಇನ್ನೊಂದು ಬಗೆಯನ್ನೂ ಬಲ್ಲರು. 1948ರವರೆಗೆ ನಿಜಾಮರ ಆಡಳಿತದಲ್ಲಿ ಈ ನಾಲ್ಕೂ ತಾಲ್ಲೂಕುಗಳ ಜನ ಕಚೇರಿಯ ಉರ್ದುವಿಗೆ ಹೊಂದಿಕೊಳ್ಳಬೇಕಾಯಿತು. ಆಡಳಿತದ ನುಡಿ ಮಾತ್ರ ತಿಳಿದ ಅಧಿಕಾರಿಯ ಎದುರು ನಿಲ್ಲುವುದು ಹೇಗಿರುತ್ತದೆಂಬುದು ಇಲ್ಲಿಯ ಹಿರಿಯರ ನೆನಪಿನಲ್ಲಿದೆ.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಕನ್ನಡ ಬಾರದವರ ಕಲಿಕೆಯತ್ತ ಗಮನ ಹರಿಸಿದೆ. ಕಾನೂನು ತರಗತಿ ತೆರೆಯಿಸಬಲ್ಲದು, ಪಾಠ ಬರೆಯಲಾರದು. ಬರೆಯಬೇಕಾದವರು ನಾವು. ಒಂದು ವಿಭಾಗ ತನ್ನ ಎಂ.ಎ. ವಿದ್ಯಾರ್ಥಿಗಳ ಕ್ಷೇತ್ರಕಾರ್ಯವನ್ನು ಒಂದು ವರ್ಷದ ಮಟ್ಟಿಗೆ ಇದಕ್ಕೆ ಮೀಸಲಿಟ್ಟರೆ ಆರಂಭಕ್ಕೆ ಸಾಕು. ಗಂಗಾವತಿಯ ಗಿರಣಿಯಲ್ಲಿ ಪಗಾರ ಬಟವಾಡೆಯ ಮಾತು, ಕುಷ್ಟಗಿ ನಿಲ್ದಾಣದಲ್ಲಿ ಕಂಡಕ್ಟರರ ಮಾತು, ಯಲಬುರ್ಗಾದ ದವಾಖಾನೆಯಲ್ಲಿ ನೋವನ್ನು ಹೇಳಿಕೊಳ್ಳುವ ಮಾತು ಇವುಗಳನ್ನು ಧ್ವನಿಮುದ್ರಿಸಿ, ಹೆಚ್ಚು ಬಳಕೆಯ ಕ್ರಿಯಾರೂಪಗಳನ್ನು ಆಯ್ದು, ಮೂವತ್ತು ಪಾಠಗಳಾಗಿ ಜೋಡಿಸಬಹುದು. ಕರಡು ಸಿದ್ಧವಾದ ಮೇಲೆ ಅದನ್ನು ಪರಿಶೀಲನೆಗೆ ಮತ್ತೊಂದು ವಿಶ್ವವಿದ್ಯಾಲಯಕ್ಕೆ ಕಳಿಸುವ ಮೊದಲು ಆ ಗಿರಣಿಯ ಹಮಾಲರಿಗೆ ಓದಿ ಹೇಳಬೇಕು. ‘ಹಿಂಗ ಯಾರೂ ಅನ್ನಂಗಿಲ್ರಿ’ ಎಂದು ಅವರು ಹೇಳುವ ವಾಕ್ಯಗಳನ್ನು ಅಲ್ಲಿಯೇ ಹೊಡೆದುಹಾಕಬೇಕು.